ಸೆರಗಿನಡಿ ಹಡಗಿನ ವ್ಯಾಪಾರ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪನವರಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಮೋಜಿನ ಹಡಗು ಕೊಳ್ಳುವ ಹುಚ್ಚು ಹತ್ತಿತು. ಕೆರೆ ತುಂಬಿದರೇ ಸುದ್ದಿಯಾಗುವ ಸೀಮೆಯಲ್ಲಿ ಇದೆಂಥ ಹುಚ್ಚು ಎನ್ನಬೇಡಿ. ಮದುವೆಯಾದ ಹೊಸದರಲ್ಲಿ ಹೆಂಡತಿ ಬಸವಲಿಂಗಮ್ಮ ಸಮುದ್ರ ನೋಡಬೇಕೆಂದಿದ್ದರು. ಶೇಂಗಾ ಸುಗ್ಗಿ ಮುಗಿಯಲಿ ಎನ್ನುತ್ತಲೇ ಇವರು ಮೂವತ್ತೆಂಟು ವರ್ಷ ತಳ್ಳಿದ್ದರು. ಈಚೆಗೆ ಆಕೆ ಕೇಳುವುದನ್ನೇ ಬಿಟ್ಟಿದ್ದರು, ಅದೇ ಇವರಿಗೆ ಹೆದರಿಕೆ. ಹಡಗನ್ನೇ ಕೊಡಿಸಿದರೆ ಆಕೆ ಕ್ಷಮಿಸಬಹುದೆಂದು ಲೆಕ್ಕ ಹಾಕಿದರು.

ಮಂಗಳೂರಿನಿಂದ ಏಜೆಂಟ್ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಮಿಲ್ಲಿಗೇ ಬಂದಳು. ಎಪ್ಪತ್ತು ಲಕ್ಷದ ಸೆಕೆಂಡ್ ಹ್ಯಾಂಡ್ ಹಡಗು. ಪರೀಕ್ಷೆ ಮಾಡಲು ಸಾಹುಕಾರರು ಕರೆಸಿದ್ದು ದೇವಸಮುದ್ರದ ಕುರಿ ದಲ್ಲಾಳಿ ಗಾದ್ರಪ್ಪನನ್ನು.

"ಮೇಲೆಲ್ಲಾ ಚೆನ್ನಾಗೇ ಕಾಣ್ತೈತೆ. ಹೊಟ್ಟೆ ಅಡಿ ತೋರ್ಸಮ್ಮ," ಎಂದ ಗಾದ್ರಪ್ಪ.

"ನೀರಿಂದ ಮೇಲೆತ್ತಿ ಹಡಗು ಪರೀಕ್ಷೆ ಮಾಡೋ ಸರ್ವೇಯರ್ ಹತ್ರ ನೋಡಿಸ್ಬೇಕು. ಖರ್ಚು ನಿಮ್ದೇ."

"ನಡೆಸಿ ನೋಡೋದು?"

"ಅದಕ್ಕೂ ಡೀಸೆಲ್ ನಿಮ್ದೇ. ಇಂಜಿನ್ ಎಷ್ಟು ಗಂಟೆ ಓಡಿದೆ, ಹಡಗಿನ ಮೇಲೆ ಬ್ಯಾಂಕ್ ಸಾಲ ಇದೆಯಾ, ಅದನ್ನೂ ನೋಡ್ಕೊಳ್ಳಿ."

"ಸುಮ್ನೆ ಕಟ್ಟಾಕಿದ್ರೆ ಮೇವೆಷ್ಟು?"

ಹುಡುಗಿ ಪ್ರಾಮಾಣಿಕಳು. ಕಟ್ಟುವ ಜಾಗದ ಬಾಡಿಗೆ, ಕ್ಯಾಪ್ಟನ್ ಸಂಬಳ, ವಿಮೆ, ತಳಕ್ಕೆ ಹತ್ತುವ ಚಿಪ್ಪು ಕೆರೆಯುವ ಕೂಲಿ, ಎಲ್ಲ ಸೇರಿ ವರ್ಷಕ್ಕೆ ಏಳು ಲಕ್ಷ ಎಂದಳು.

"ಮರಿ ಹಾಕಲ್ಲ, ಉಣ್ಣೆ ಕೊಡಲ್ಲ, ಏಳು ಲಕ್ಷ ತಿಂತೈತೆ!" ಗಾದ್ರಪ್ಪ ಬೆವರು ಒರೆಸಿಕೊಂಡ. ಆದರೂ ಸಾಹುಕಾರರು ಕಣ್ಸನ್ನೆ ಮಾಡಿದ್ದರಿಂದ ಟವೆಲ್ ಕೊಡವಿದ.

ಕುರಿ ಸಂತೆಯ ಕ್ರಮವೇ ಹಾಗೆ. ಟವೆಲ್ಲಿನ ಅಡಿ ಕೈ ಹಿಡಿದು, ಬೆರಳು ಒತ್ತಿ ರೇಟು ತಿಳಿಸಬೇಕು, ಬಾಯಿ ಬಿಡುವಂತಿಲ್ಲ. ಟವೆಲ್ ಹಾಸಿದ ಮೇಲೆ ಗಾದ್ರಪ್ಪನಿಗೆ ಹೊಳೆಯಿತು, ಎದುರಿಗಿರುವುದು ಹೆಣ್ಣುಮಗಳು! ಕೈ ಸರಕ್ಕನೆ ಹಿಂದೆ ಬಂತು.

"ನನ್ ಕೈಲಾಗಲ್ಲ ಸಾವ್ಕಾರ್ರೆ."

"ಬಾಯಲ್ಲೇ ಹೇಳು ಮಾರಾಯ!"

"ನಾಲ್ಕು ಜನರ ಮುಂದೆ ರೇಟು ಬಾಯಲ್ಲಿ ಹೇಳೋದಾ? ನಾನೇನು ಮರ್ಯಾದೆ ಬಿಟ್ಟೋನಾ?"

ಮಜ್ಜಿಗೆ ತಂದಿದ್ದ ಬಸವಲಿಂಗಮ್ಮ ಲೋಟ ಕೆಳಗಿಟ್ಟು, ಹುಡುಗಿಯ ಪಕ್ಕ ಕುಳಿತು, ಅವಳ ಕೈ ಮೇಲೆ ತಮ್ಮ ಸೆರಗು ಹೊದಿಸಿದರು. ಸೆರಗು ಅಲುಗಾಡಿತು. ನಡುವೆ ಕ್ರಮ ಮುರಿದು ಕಿವಿಯಲ್ಲೂ ಏನೋ ಊದಿದರು, ಗಾದ್ರಪ್ಪ ಹಲ್ಲು ಕಚ್ಚಿ ಸಹಿಸಿಕೊಂಡ. ಕೊನೆಗೆ ಹುಡುಗಿ ಕಿಸಕ್ಕನೆ ನಕ್ಕು ತಲೆಯಾಡಿಸಿದಳು.

"ಎಷ್ಟಕ್ಕೆ ಮುಗೀತೇ?" ಸಾಹುಕಾರರು ಹೆಂಡತಿಯನ್ನು ಕೇಳಿದರು.

"ಎರಡು."

"ಎರಡೇ ಲಕ್ಷಕ್ಕಾ? ಎಪ್ಪತ್ತರ ಮಾಲು!" ಗಾದ್ರಪ್ಪ ಎದ್ದು ನಿಂತು ಆಕೆಗೆ ಕೈ ಮುಗಿದೇಬಿಟ್ಟ.

"ಲಕ್ಷ ಅಲ್ಲಪ್ಪ, ಎರಡು ಗಂಟೆ. ಬಾಡಿಗೆಗೆ ಹಿಡ್ದೀನಿ. ಡೀಸೆಲ್ಲು, ಕ್ಯಾಪ್ಟನ್ನು, ಮುಳುಗದ ಜಾಕೀಟು, ಎಲ್ಲಾ ಅವರದ್ದೇ."

ಮುರುಗೇಂದ್ರಪ್ಪನವರ ಮುಖ ಸಪ್ಪಗಾಯಿತು. "ನಿಂಗೆ ಸ್ವಂತಕ್ಕೇ ಕೊಡ್ಸೋಣ ಅಂತಿದ್ನಲ್ಲೇ."

"ಹಡಗು ಯಾರು ಕೇಳಿದ್ರು? ನಿಮ್ ಜೊತೆ ಕೂತು ಸಮುದ್ರ ನೋಡ್ಬೇಕು ಅಂದಿದ್ದೆ. ಹಡಗು ಕೊಡ್ಸಿ ನೀವು ಮಿಲ್ಲಲ್ಲೇ ಇರ್ತಿದ್ರಿ ಕಣ್ರಿ."

ಮುರುಗೇಂದ್ರಪ್ಪನವರು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದರು. "ಯಾವತ್ತಿಗೆ ಗೊತ್ತು ಮಾಡ್ದೆ?"

"ನಾಡಿದ್ದಿಗೆ."

ನಾಡಿದ್ದು ಹೊಸ ಶೇಂಗಾ ಬರುವ ದಿನ. ಅದನ್ನು ಹೇಳಲು ಬಾಯಿ ತೆರೆದವರು ಹೆಂಡತಿಯ ಮುಖ ನೋಡಿದರು. ಮಿಲ್ಲಿನ ಬೀಗದ ಕೈಗಳನ್ನು ಸೊಂಟದಿಂದ ಬಿಚ್ಚಿ ಗಾದ್ರಪ್ಪನ ಕೈಗೆ ಹಾಕಿ, "ನಾಳೆ ಮೊದಲ ಬಸ್ಸು ಎಷ್ಟೊತ್ತಿಗೈತೆ?" ಎಂದು ಕೇಳಿದರು.