ಕಾಯ್ದಿರಿಸದ ವಿಳಾಸ

ವಿಳಾಸವಿಲ್ಲದೆಯೂ ಎಲ್ಲೆಡೆ ನೆಲೆಸಿರುವವನೇ, ಹೆಸರು ಹಿಡಿದು ಕರೆಯಲರಿಯದವರ ಮೊರೆಗೂ ಓಗೊಡುವವನೇ, ನಿನ್ನ ಪಾದಗಳಿಗೆ ಮಣಿದು ಈ ಕಥೆಯನ್ನು ಆರಂಭಿಸುತ್ತೇನೆ. ನಾಲಗೆ ಸತ್ಯದಿಂದ ಜಾರದಂತೆ ಕಾಪಾಡು.

ಮೂಳೆ ಮುರಿದವರು ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಳ್ಳುವ ಆರೈಕೆಮನೆಯೊಂದಿತ್ತು. ಪ್ರತಿ ಹಾಸಿಗೆಯ ಬದಿಯಲ್ಲೂ ಒಂದು ಕರೆಗುಂಡಿ. ಒತ್ತಿದರೆ ಆ ಕರೆಯು, ದೂರದ ಬಾಡಿಗೆ ಕಂಪ್ಯೂಟರುಗಳ ನೆಲೆಯಾದ ಕ್ಲೌಡ್‌ನಲ್ಲಿದ್ದ ಸರ್ವರ್ ಒಂದನ್ನು ಮುಟ್ಟಿ, ಅಲ್ಲಿಂದ ದಾದಿಯ ಫೋನಿಗೆ ಬರುತ್ತಿತ್ತು. ಗುಂಡಿಗಳು ಹಳೆಯ ಕಾಲದವು. ಸರ್ವರ್‌ನ ಹೆಸರನ್ನು ಅರಿಯವು, ಅಂಕಿಗಳ ಐಪಿ ವಿಳಾಸವೊಂದನ್ನೇ ಬಲ್ಲವು.

ಆ ಸರ್ವರ್ ಅನ್ನು ಕೋಡ್ ಬರೆದು ಎಬ್ಬಿಸಿದವಳು ಒಬ್ಬ ಎಂಜಿನಿಯರ್. ಹೀಗೆ ಎಬ್ಬಿಸುವಾಗ ವಿಳಾಸವು ಎರಡು ಬಗೆಯಲ್ಲಿ ದೊರೆಯುತ್ತದೆ. ಕಾಯ್ದಿರಿಸಿ ಕಟ್ಟಿದರೆ ಅದು ಸ್ಥಿರ. ಸುಮ್ಮನಿದ್ದರೆ ಕ್ಲೌಡ್ ತಾನಾಗಿ ಒಂದು ಎರವಲು ವಿಳಾಸವನ್ನು ಕೊಡುತ್ತದೆ, ಸರ್ವರ್ ನಿಂತೊಡನೆ ಅದು ಕೈಬಿಟ್ಟುಹೋಗುತ್ತದೆ. ಪ್ರಯೋಗದ ದಿನ ಆಕೆ, ಆಮೇಲೆ ಸೇರಿಸಿದರಾಯಿತೆಂದು, ಕಾಯ್ದಿರಿಸುವ ಸಾಲನ್ನು ಬರೆಯದೆ ಬಿಟ್ಟಳು. ಗುಂಡಿ ಒತ್ತಿದರು, ಫೋನು ಮೊಳಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಯೋಗದ ಕೋಡೇ ನಿಜದ ಕೋಡಾಯಿತು. ಆ 'ಆಮೇಲೆ' ಬರಲೇ ಇಲ್ಲ.

ಅವಳು ಕೆಲಸ ಮಾಡುತ್ತಿದ್ದ ಕಚೇರಿಯಲ್ಲೇ ಸರ್ವರ್‌ಗಳ ಉಸ್ತುವಾರಿ ಅವಳ ಅಕ್ಕನ ಗಂಡನದು. ಆತನಿಗೆ ಸಹೋದ್ಯೋಗಿಗಳು ಇಟ್ಟಿದ್ದ ಅಡ್ಡಹೆಸರು ಗಡಿಬಿಡಿ. ಒಂದು ಮಧ್ಯಾಹ್ನ ಆತ ನಿಯಮದಂತೆಯೇ ಸರ್ವರ್ ಅನ್ನು ನಿಲ್ಲಿಸಿ, ದುರಸ್ತಿಮಾಡಿ, ಮತ್ತೆ ಎಬ್ಬಿಸಿದ. ಅದು ಹೊಸ ವಿಳಾಸದೊಡನೆ ಎದ್ದಿತು. ಗುಂಡಿಗಳು ಹಳೆಯ ವಿಳಾಸವನ್ನೇ ಕೂಗುತ್ತಿದ್ದವು. ಸೊಂಟದ ಮೂಳೆ ಕೂಡಿಸಿಕೊಂಡು ಮಲಗಿದ್ದ ಸಂಗೀತದ ಮೇಷ್ಟ್ರೊಬ್ಬರು ಒತ್ತಿ ಒತ್ತಿ ಸೋತು, ತಾವೇ ಎದ್ದು ಹೆಜ್ಜೆಯಿಟ್ಟು ಬಿದ್ದರು. ಕೂಡುತ್ತಿದ್ದ ಮೂಳೆ ಮತ್ತೆ ಬಿರಿಯಿತು.

ಯಾರೂ ವಿಚಾರಣೆ ಮಾಡಲಿಲ್ಲ, ಅಡ್ಡಹೆಸರೇ ತೀರ್ಪಾಯಿತು.

"ಏನಪ್ಪಾ ಗಡಿಬಿಡಿ, ಈ ಸಲ ಯಾವ ಹೆಜ್ಜೆ ನುಂಗಿದೆ?" ಎಂದಳು ತಂಡದ ಯಜಮಾನಿ. "ಮೊದಲು ಹೋಗಿ ಆ ಗುಂಡಿಗಳನ್ನ ಸರಿಮಾಡು. ನಿನ್ನನ್ನ ಇಟ್ಕೋಬೇಕಾ ಬೇಡ್ವಾ ಅಂತ ಆಮೇಲೆ ನೋಡೋಣ."

"ಏನೋ ಬಿಟ್ಟಿರ್ಬೇಕು ಮೇಡಂ," ಎಂದ ಆತ. "ನನ್ನ ಬುದ್ಧಿ ನನಗೆ ಗೊತ್ತಿಲ್ವಾ?"

ಕೋಡನ್ನು ತೆರೆದೊಡನೆ ಎಂಜಿನಿಯರ್‌ಗೆ ಎಲ್ಲವೂ ತಿಳಿಯಿತು. ತಪ್ಪಾಗಿ ಬರೆದಿದ್ದರೆ ಯಾರಾದರೂ ಕಂಡಾರು. ಇಲ್ಲದ ಸಾಲನ್ನು ಕಾಣುವವರಾರು? ವಿಹಿತವಾದುದನ್ನು ಮಾಡದಿರುವುದನ್ನೂ ಹಿರಿಯರು ದೋಷವೆಂದೇ ಎಣಿಸಿದರು. ಮಾಡಿದ ಪಾಪಕ್ಕೆ ಗುರುತು ಉಳಿಯುತ್ತದೆ. ಮಾಡದುದರ ಪಾಪಕ್ಕೆ ಅವರವರ ಎದೆಯೊಂದೇ ಸಾಕ್ಷಿ. ಅವಳು ವಿಳಾಸವನ್ನು ಕಾಯ್ದಿರಿಸಿ ಸರ್ವರ್‌ಗೆ ಕಟ್ಟುವ ಸಾಲನ್ನು ಬರೆದು, "ಇನ್ನಷ್ಟು ಭದ್ರ ಮಾಡಿದೀನಿ" ಎಂದಷ್ಟೇ ಹೇಳಿದಳು. ಯಜಮಾನಿ ಹೊಗಳಿದಳು.

ಸಂಜೆ ಅಕ್ಕನ ಫೋನು ಬಂತು. "ಆ ಗಡಿಬಿಡಿ ಅನ್ನೋ ಹೆಸರು ಬಿದ್ದಾಗಿಂದ ನಿಮ್ಮ ಭಾವ ಬೀಗ ಹಾಕಿ ಹತ್ತು ಸಲ ಎಳೆದು ನೋಡ್ತಾರೆ ಕಣೇ. ಒಲೆ ಆರಿಸಿದೀನಾ ಅಂತ ದಾರಿಯಿಂದ ಫೋನ್ ಮಾಡಿ ಕೇಳ್ತಾರೆ. ಇವತ್ತಂತೂ ತಮ್ಮ ಕೈಮೇಲೇ ನಂಬಿಕೆ ಹೋಗಿಬಿಟ್ಟಿದೆ ಅವರಿಗೆ."

ತಂಗಿ "ಹೂಂ" ಎಂದು ಫೋನಿಟ್ಟಳು.

ಮರುದಿನ ಅವಳೂ ಭಾವನೂ ಆರೈಕೆಮನೆಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಗುಂಡಿಗಳಿಗೆ ಹೊಸ ವಿಳಾಸವನ್ನು ಕಲಿಸಿದರು. ಭಾವ ಪ್ರತಿಯೊಂದನ್ನೂ ತಿದ್ದಿ, ಮತ್ತೆ ಹಿಂದಿರುಗಿ ಬಂದು ಮುಟ್ಟಿ ನೋಡುತ್ತಿದ್ದ. ಕೊನೆಯದು ಮೇಷ್ಟ್ರ ಹಾಸಿಗೆ.

"ಬಂದ್ಯಾ, ನನ್ನ ಬೀಳಿಸಿದ ಮಹಾನುಭಾವ!" ಎಂದರು ಮೇಷ್ಟ್ರು. "ಆ ಗುಂಡಿ ಅಲಂಕಾರಕ್ಕೆ ಇರ್ಲಿ ಬಿಡು. ನನಗೆ ಇದೇ ಸಾಕು." ಚಮಚದಿಂದ ಲೋಟವನ್ನು ಬಡಿದು ತೋರಿಸಿದರು. "ಶ್ರುತಿ ಸ್ವಲ್ಪ ಕೆಳಗಿದೆ, ಆದ್ರೆ ಕೈಕೊಡಲ್ಲ."

ಭಾವ ತಲೆ ತಗ್ಗಿಸಿದ. "ತಪ್ಪಾಯ್ತು ಮೇಷ್ಟ್ರೇ. ನನ್ನಿಂದಲೇ..."

"ಇಲ್ಲ ಭಾವ!" ಅವಳ ದನಿ ಅವಳಿಗೇ ಅಪರಿಚಿತವೆನಿಸಿತು. "ನೀವು ಏನೂ ಬಿಟ್ಟಿರ್ಲಿಲ್ಲ. ವಿಳಾಸ ಕಾಯ್ದಿರಿಸೋ ಸಾಲು ನಾನು ಬರೀಲಿಲ್ಲ. ಯಾರು ನಿಲ್ಲಿಸಿ ಎಬ್ಬಿಸಿದ್ರೂ ಹೀಗೇ ಆಗ್ತಿತ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ."

ಭಾವನ ಬೆರಳು ಗುಂಡಿಯ ಮೇಲೆಯೇ ನಿಂತಿತು. "ಅಂದ್ರೆ, ನಾನು ಸರಿಯಾಗೇ ಮಾಡಿದ್ನಾ?"

"ಸರಿಯಾಗೇ ಮಾಡಿದ್ರಿ."

ಆತ ಸ್ಟೂಲಿನ ಮೇಲೆ ಕುಸಿದು ಕುಳಿತು, ಕನ್ನಡಕ ತೆಗೆದು ಒರೆಸಿಕೊಂಡ. "ನಿಮ್ಮಕ್ಕನಿಗೆ ಹೇಳಮ್ಮ. ಪಾಪ, ಒಲೆ ಆರಿದೆ ಆರಿದೆ ಅಂತ ಹೇಳೀ ಹೇಳೀ ಅವಳಿಗೂ ಸಾಕಾಗಿದೆ." ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮೇಷ್ಟ್ರು ಚಮಚವನ್ನು ಕೆಳಗಿಟ್ಟು ಅವಳತ್ತ ನೋಡಿದರು. "ನಾನೇನೋ ಕ್ಷಮಿಸ್ಬಹುದು ಮಗಳೇ. ನನ್ನ ಸೊಂಟ ಏನನ್ನುತ್ತೋ, ಕೇಳಿ ಹೇಳ್ತೀನಿ."

ಅವಳು ಅಲ್ಲಿಯೇ, ಇಬ್ಬರಿಗೂ ಕೇಳಿಸುವಂತೆ, ಯಜಮಾನಿಗೆ ಫೋನು ಮಾಡಿ ನಡೆದುದನ್ನೆಲ್ಲ ಒಪ್ಪಿಸಿದಳು. ಆಚೆಯಿಂದ ಯಜಮಾನಿ ಹೇಳಿದಳು, "ನಾಳೆ ಬಂದು ನನ್ನನ್ನ ನೋಡು. ಗಡಿ... ನಿಮ್ಮ ಭಾವನಿಗೆ ಫೋನ್ ಕೊಡು."

ಭಾವ ಮಾತನಾಡುತ್ತ ಹೊರಗೆ ಹೋದ. ಅವಳು ಕೊನೆಯ ಗುಂಡಿಯನ್ನು ಸರಿಪಡಿಸಿದಳು. "ಒಮ್ಮೆ ಒತ್ತಿ ನೋಡಿ ಮೇಷ್ಟ್ರೇ."

ಅವರು ಗುಂಡಿಯತ್ತ ನೋಡಿದರು. ಬಳಿಕ ಚಮಚವನ್ನೆತ್ತಿ ಲೋಟವನ್ನು ಬಡಿದರು.

ಅವಳು ಇನ್ನಷ್ಟು ಹತ್ತಿರ ಹೋಗಿ ಬಾಗಿದಳು. "ಏನು ಬೇಕು?"

"ನೀರು."

ಅದೇ ಲೋಟದಲ್ಲಿ ನೀರು ತುಂಬಿ, ಅವರ ತಲೆಯನ್ನು ಅಂಗೈಯಿಂದ ಆನಿಸಿ, ಅವರು ಕುಡಿದು ಮುಗಿಸುವವರೆಗೂ ಹಿಡಿದು ನಿಂತಳು.

ಈ ಕಥೆಯನ್ನು ಕೇಳಿದವರು ಕರೆದಾಗಲೆಲ್ಲ ಯಾರಾದರೊಬ್ಬರು ಎದ್ದು ಬರಲಿ. ಪರರ ತಲೆಯೇರಿ ಕುಳಿತ ನಮ್ಮ ದೋಷಗಳು ಹೊತ್ತು ಮೀರುವ ಮುನ್ನ ನಮ್ಮಲ್ಲಿಗೇ ಮರಳಲಿ. ಎಲ್ಲರಿಗೂ ಮಂಗಳವಾಗಲಿ.