ದೇಶಿ ಪಡೆಗೆ ದಾಳವಿಲ್ಲ

ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು, ಟರ್ಪೆಂಟೈನ್ ಹಾಕಿ ಎಷ್ಟು ಉಜ್ಜಿದರೂ ಹೋಗದ ಬಣ್ಣ, ಹೋಗದಿದ್ದರೆ ಇರಲಿ, ಎದುರು ಸೀಟಿನವ ನೋಡಿದರೆ ನೋಡಲಿ — ಬೊರಿವಲಿಯಿಂದ ಬಾಂದ್ರಾಕ್ಕೆ ಹೊರಟ ಲೋಕಲ್‌ನಲ್ಲಿ ಗದಿಗೆಪ್ಪ ಬಿಸ್ಕೀಟಿನ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾನೆ, ಒಳಗೆ ಹತ್ತಿಯಲ್ಲಿ ಸುತ್ತಿದ ಸೀಸದ ಸಿಪಾಯಿಗಳು, ಬೆರಳುದ್ದದವರು, ಏಳೆಂಟು ವರ್ಷ ಅಟ್ಟದ ಮೇಲೆ ಬಿದ್ದು ಬೂದಿ ಬಣ್ಣಕ್ಕೆ ತಿರುಗಿದವರು, ಒಬ್ಬನಿಗೆ ಬಂದೂಕಿಲ್ಲ, ಒಬ್ಬನಿಗೆ ಕೈಯೇ ಇಲ್ಲ, ಮುರಿದ ಬಯೊನೆಟ್ಟಿನ ಜಾಗಕ್ಕೆ ಗ್ರಾಮಫೋನಿನ ಸವೆದ ಮುಳ್ಳು ಅಂಟಿಸಿ, ಕುದುರೆಗೆ ಬೆಂಕಿಕಡ್ಡಿಯ ಕಾಲು ಕೊಟ್ಟು, ಕೋಟುಗಳಿಗೆ ಕೆಂಪು ಬಳಿದು, ಮೂರು ತಿಂಗಳು, ಒಂದು ಭಾನುವಾರವೂ ತಪ್ಪದೆ, ಹೆಂಡತಿ ಶರಣವ್ವ ಬಾಗಿಲಲ್ಲಿ ನಿಂತು ಇರೂದು ಒಂದ ಖೋಲಿ, ಅದರಾಗ ನಿಮ್ಮ ದಂಡಿನ ಛಾವಣಿ ಬ್ಯಾರೆ, ಐವತ್ತ ದಾಟಿದ ಗಂಡಸು ಗೊಂಬಿ ಆಡ್ತಾನಂತ ಇಡೀ ಚಾಳ ನಗಾಕತ್ತೈತಿ, ನಗಲಿ, ಹೊಟ್ಟೆ ಹುಣ್ಣಾಗುವಷ್ಟು ನಗಲಿ, ಚಾಳಿನವರಿಗೇನು ಗೊತ್ತು ಬೆಳಗಾವಿ ಕ್ಯಾಂಪಿನ ಆ ಶನಿವಾರಗಳು, ಮೇಜರ್ ಸಾಹೇಬ ಊಟದ ಮೇಜಿಗೆ ಹಸಿರು ಕಂಬಳಿ ಹಾಸಿ ಯುದ್ಧ ಹೂಡುತ್ತಿದ್ದ, ಎದುರಾಳಿ ಸಿಗದ ದಿನ ಆರ್ಡರ್ಲಿ ಗದಿಗೆಪ್ಪನೇ ಎದುರಾಳಿ, ಗೋರಾ ಪಡೆ ಸಾಹೇಬನದು, ದೇಶಿ ಪಡೆ ಇವನದು, ಸಾಹೇಬ ಕುರ್ಚಿಯಲ್ಲಿ, ಇವನು ನಿಂತುಕೊಂಡೇ, ಮತ್ತೆ ಸಾಹೇಬ ಆಟದ ರೂಲು ಬರೆದಿಟ್ಟ ಆ ನೋಟ್‌ಬುಕ್ಕು, ಅದರ ಐದನೆಯ ರೂಲು — ಮೂರರಲ್ಲಿ ಒಂದು ಪಾಲು ಸಿಪಾಯಿಗಳು ಬಿದ್ದರೆ ಗೋರಾ ಪಡೆ ದಾಳ ಒಗೆಯಬೇಕು, ನಾಲ್ಕೋ ಅದಕ್ಕೂ ಮೇಲೋ ಬಿದ್ದರೆ ಪಡೆ ನಿಂತಿತು, ಇಲ್ಲದಿದ್ದರೆ ಓಡಿತು, ದೇಶಿ ಪಡೆಗೆ ದಾಳವಿಲ್ಲ, ಅದು ಓಡಿಯೇ ಓಡುತ್ತದೆ, ಓಡುವವರನ್ನು ಬೆನ್ನು ತಿರುಗಿಸಿ ಮೇಜಿನಂಚಿಗೆ ಒಯ್ಯಬೇಕು, ಅದೂ ಇವನ ಕೈಯಿಂದಲೇ, ಒಂದು ಬೆನ್ನು, ಇನ್ನೊಂದು ಬೆನ್ನು, ಸಾಲು ಬೆನ್ನು. ತಮ್ಮ ಪರಪ್ಪ ಬರ್ಮಾದ ಗುಡ್ಡದ ಮೇಲೆ ಸತ್ತನೆಂದು ತಂತಿ ಬಂದದ್ದು ಶುಕ್ರವಾರ, ಮರುದಿನ ಸಾಹೇಬ ಸಾರಿ ಗದಿಗೆಪ್ಪಾ ಎಂದ, ಕಂಬಳಿ ಹಾಸಿದ, ಅವತ್ತೂ ಇವನು ಬೆನ್ನು ತಿರುಗಿಸಿದ, ಥೂ, ಈ ಕೈಗಳೇ, ಇವೇ ಕೈಗಳು. ದೇಶ ಬಿಡುವಾಗ ಸಾಹೇಬ ಸಿಪಾಯಿಗಳ ಪೆಟ್ಟಿಗೆಯನ್ನೂ ನೋಟ್‌ಬುಕ್ಕನ್ನೂ ಇವನಿಗೇ ಕೊಟ್ಟು ಹೋದ, ದೊಡ್ಡ ಉಪಕಾರ.

ಬಾಂದ್ರಾದಲ್ಲಿ ಸೆರಾವೋ ಅವರ ಮನೆಯ ಫ್ಯಾನು ಕಿರುಗುಟ್ಟುತ್ತದೆ, ಮಂಗಳೂರಿನವರು, ರೈಲ್ವೆಯಿಂದ ರಿಟೈರಾದವರು, ಅವರದೂ ಒಂದು ಹಳೆಯ ದಂಡು ಇದೆ, ಎರಡನ್ನೂ ಕೂಡಿಸಿ ಹೊಸದಾಗಿ ಪಡೆ ಕಟ್ಟೋಣ ಎಂದವರು ಅವರೇ, ಒಳ್ಳೆಯವರು, ಆದರೆ ಸಾಹೇಬನ ನೋಟ್‌ಬುಕ್ಕನ್ನು ಅಕ್ಷರ ಬಿಡದೆ ಟೈಪ್ ಮಾಡಿಟ್ಟಿದ್ದಾರೆ, ಐದನೆಯದನ್ನೂ, ಅದನ್ನ ಹೊಡದ ಹಾಕ್ರಿ ಅಂತ ಹ್ವಾದ ವಾರನ ಹೇಳಿದ್ನೆಲ್ರಿ ಎಂದರೆ, ಎಂತ ಮಾರಾಯ್ರೆ, ಹಳೇ ಆಟಕ್ಕೆ ಹಳೇ ರೂಲೇ ಅಲ್ವಾ, ಮೊದ್ಲು ಆಡುವ, ಆಮೇಲೆ ನೋಡುವ, ಕೂತ್ಕೊಳ್ಳಿ — ಕೂರಲು ಕಾಲು ಬಗ್ಗುವುದಿಲ್ಲ, ಸುಡುಗಾಡು ಅಭ್ಯಾಸ, ಬಗ್ಗಿಸುತ್ತಾನೆ, ಕೂರುತ್ತಾನೆ, ಕುರ್ಚಿಯ ತುಂಬ ಕೂರುತ್ತಾನೆ, ಆಟ ನಡೆಯುತ್ತದೆ, ಗುಡ್ಡವೆಂದು ಇಟ್ಟ ದಪ್ಪ ಪುಸ್ತಕದ ಮೇಲೆ ಇವನ ಹನ್ನೆರಡು ಸಿಪಾಯಿಗಳು, ಸೆರಾವೋ ಅವರ ಫಿರಂಗಿಗೆ ಇಬ್ಬರು ಬಿದ್ದರು, ಮೂರನೆಯವ, ನಾಲ್ಕನೆಯವ, ಮೂರರಲ್ಲೊಂದು ಪಾಲು ಆಯ್ತಲ್ಲ ಮಾರಾಯ್ರೆ, ಇನ್ನು ಓಟವೇ, ಎಂದು ನಗುತ್ತ ಅವರ ಕೈ ಗುಡ್ಡದತ್ತ ಬರುತ್ತದೆ, ಉಳಿದ ಎಂಟು ಜನರನ್ನು ತಿರುಗಿಸಲು, ಆ ಕೈ, ಆ ಶನಿವಾರ — ಗದಿಗೆಪ್ಪ ಅವರ ಮಣಿಕಟ್ಟು ಹಿಡಿದುಬಿಟ್ಟಿದ್ದಾನೆ, ತಾನೇ ಬೆಚ್ಚಿದ್ದಾನೆ, ಬಿಡುವುದಿಲ್ಲ, ಕೈ ತಗೀರಿ ಸಾಹೇಬ್ರ, ನಾ ದಾಳ ಒಗೀತೇನಿ, ನನ್ನ ಮಂದಿಗೂ ದಾಳ ಐತಿ, ಇಲ್ಲಂದ್ರ ಈ ಡಬ್ಬಿ ತಗೊಂಡು ಈಗ ಹೊಂಟೆ. ಸೆರಾವೋ ನೋಡುತ್ತಾರೆ, ನಗು ಆರುತ್ತದೆ, ಆಯ್ತು, ಹಾಕಿ. ದಾಳ ಉರುಳಿತು, ಎರಡು. ಬರಿಯ ಎರಡು. ಸರಿ, ಇದು ದಾಳದ ಮಾತು, ಕೇಳಬೇಕು, ನೋಟ್‌ಬುಕ್ಕಿನ ಮಾತಲ್ಲ ಇದು, ಒಬ್ಬೊಬ್ಬರನ್ನೇ ಹಿಂದಕ್ಕೆ ಸರಿಸುತ್ತಾನೆ, ತಿರುಗಿಸಿ ಮಾರಾಯ್ರೆ, ಓಡುವವರ ಬೆನ್ನು ಈಚೆಗೆ, ತಿರುಗಿಸೂದಿಲ್ರಿ, ಅದ್ಯಾವ ರೂಲು, ನನ್ನದು, ಬರಕೋರಿ — ಬರ್ಮಾದಲ್ಲಿ ಪರಪ್ಪನ ಜೊತೆಗಿದ್ದ ಸಿಪಾಯಿಯೊಬ್ಬ ಮನೆಯ ತನಕ ಬಂದು ಹೇಳಿದ್ದ, ಹಿಂದ ಸರೀರಿ ಅಂತ ಹುಕುಂ ಬಂತ್ರಿ ಅಣ್ಣಾರ, ನಾವೆಲ್ಲಾ ತಿರುಗಿ ಓಡಿದ್ವಿ, ಅಂವ ಮಾರಿ ತಿರುಗಿಸಲಿಲ್ಲ, ಗುಂಡ ಹಾರಿಸಿಕೋಂತನ ಒಂದೊಂದ ಹೆಜ್ಜಿ ಹಿಂದ ಇಟ್ಟ, ನಾವು ಉಳದ್ವಿ — ಒಂದೊಂದೇ ಹೆಜ್ಜೆ, ಪುಸ್ತಕದ ಗುಡ್ಡ ಇಳಿದು, ಇಲ್ಲಿಯೂ ಹಾಸಿದ ಕಂಬಳಿಯ ಮೇಲೆ, ಬೈಯುತ್ತ ಬೈಯುತ್ತಲೇ ಶರಣವ್ವ ಕಸಬರಿಗೆ ಕಡ್ಡಿಯ ತುದಿಗೆ ಕಾಡಿಗೆ ಹಚ್ಚಿ ಬಿಡಿಸಿದ ಸಿಪಾಯಿಗಳ ಕಣ್ಣುಗಳು, ಫಿರಂಗಿಯನ್ನೇ ನೋಡುವ ಕಣ್ಣುಗಳು, ಮೇಜಿನಂಚು ಬಂತು, ಎಂಟು ಮುಖ, ಫಿರಂಗಿಯ ಕಡೆಗೆ, ಬೆನ್ನು ಒಂದೂ ಕಾಣುವುದಿಲ್ಲ, ಎಂಟು ಮುಖ, ಎಂಟೂ ಮುಖ.