ರೇಷ್ಮೆ ದಾರದಲ್ಲಿ ಹೊಲಿದ ಬಜೆಟ್

ಅಕ್ಕ ಕೇಳಿದ್ದು ಒಂದೇ ಒಂದು ಹಾಳೆ. “ಕೈಯಲ್ಲೇ ನೋಟ್‌ಬುಕ್ ಮಾಡಿ ಮಾರ್ತೀವಿ ಅಂತೀರಲ್ಲ, ಎಷ್ಟು ಹೋಗುತ್ತೆ, ಎಷ್ಟು ಬರುತ್ತೆ ಅಂತ ಬರ್ಕೊಂಡು ಬನ್ನಿ. ಸರಿ ಅನ್ನಿಸಿದ್ರೆ ಕೆಳಗಿನ ಕೋಣೆ ನಿಮ್ಗೆ,” ಎಂದಿದ್ದಳು. ಆಸ್ಪತ್ರೆಯೊಂದರಲ್ಲಿ ಲೆಕ್ಕಪತ್ರ ನೋಡುವವಳು ಅವಳು. ಮಾತಿಗಿಂತ ಹಾಳೆಯನ್ನು ನಂಬುತ್ತಿದ್ದಳು.

ಅವಳ ತಮ್ಮ ಚಿತ್ರಗಾರ. ಅವನ ಪಾಲುದಾರ ಬೈಂಡರ್, ಪ್ರೆಸ್ಸಿನ ಕೆಲಸಕ್ಕೆ ರಜೆ ಹಾಕಿ ಬಂದ ಗೆಳೆಯ. ಸೋಮವಾರದೊಳಗೆ ಕೋಣೆ ಸಿಗದಿದ್ದರೆ ಅವನು ಮತ್ತೆ ಪ್ರೆಸ್ಸಿಗೆ ಹೋಗಬೇಕು. ಹೋದನೆಂದರೆ ಪಾಲುದಾರಿಕೆಯ ಕತೆ ಮುಗಿಯಿತು.

ಒಂದು ಹಾಳೆ ಎಂದರೆ ಯಾರಾದರೂ ಒಂದು ಹಾಳೆ ತೆಗೆದುಕೊಳ್ಳುತ್ತಾರೆ. ಆದರೆ ತಾನು ‘ಯಾರಾದರೂ’ ಅಲ್ಲ ಎಂಬ ಕಾಯಿಲೆ ಚಿತ್ರಗಾರನಿಗೆ ಚಿಕ್ಕಂದಿನಿಂದಲೂ ಇತ್ತು. ಮೊದಲ ಗಿರಾಕಿಗೆಂದು ತೆಗೆದಿಟ್ಟ ದಪ್ಪ ಕಾಗದವನ್ನೇ ಕತ್ತರಿಸಿದ. ಅಂಟಿನ ಖರ್ಚಿನ ಪಕ್ಕ ನಗುವ ಅಂಟಿನ ಡಬ್ಬಿಯ ಚಿತ್ರ ಬರೆದ, ದಾರದ ಖರ್ಚಿನ ಪಕ್ಕ ದಾರದುಂಡೆಯದು. ಮುರಿಯಬಹುದಾದ ಸೂಜಿಗೂ ಅರ್ಧ ಪುಟ ಕೊಟ್ಟ. ಒಂದು ಹಾಳೆ ಹನ್ನೆರಡು ಪುಟವಾಯಿತು. ಬೈಂಡರ್ ಅದನ್ನು ನೀಲಿ ರೇಷ್ಮೆ ದಾರದಲ್ಲಿ ಹೊಲಿದು, ಬಟ್ಟೆಯ ರಟ್ಟು ಹಾಕಿದ. ಅಷ್ಟರಲ್ಲಿ ಒಂಬತ್ತು ದಿನ ಕಳೆದು ಶನಿವಾರ ಬಂದಿತ್ತು.

ಅಕ್ಕ ಕನ್ನಡಕ ಏರಿಸಿ ಪುಟ ತಿರುಗಿಸಿದಳು. ಚಿತ್ರಗಾರ ಪ್ರದರ್ಶನದ ಬಾಗಿಲಲ್ಲಿ ನಿಂತವನಂತೆ ಕೈಕಟ್ಟಿ ನಿಂತ. ಹೊಗಳಿಕೆ ಬಂದರೆ ಹೇಗೆ ಸಂಕೋಚಪಡಬೇಕು ಎಂದೂ ಯೋಚಿಸಿಟ್ಟಿದ್ದ.

“ಒಂದು ನೋಟ್‌ಬುಕ್ಕಿಗೆ ಸಾಮಾನು ತೊಂಬತ್ತು, ಮಾರೋದು ನೂರೈವತ್ತು. ದಿನಕ್ಕೆ ಎಷ್ಟು ಮಾಡ್ತೀರ?”

“ಎರಡು,” ಎಂದ ಚಿತ್ರಗಾರ. “ಪ್ರತಿ ರಟ್ಟಿನ ಮೇಲೂ ನಾನೇ ಬೇರೆ ಬೇರೆ ಚಿತ್ರ ಬರೀತೀನಲ್ಲ ಅಕ್ಕ.”

“ಅಂದ್ರೆ ದಿನಕ್ಕೆ ಉಳಿಯೋದು ನೂರಿಪ್ಪತ್ತು. ಇಬ್ಬರಿಗೆ.” ಅವಳು ಬೈಂಡರ್ ಕಡೆ ತಿರುಗಿದಳು. “ಪ್ರೆಸ್ಸಲ್ಲಿ ನಿಮಗೆ ದಿನಕ್ಕೆ ಎಷ್ಟು?”

“ಎಂಟುನೂರು, ಅಕ್ಕ.”

“ಇದರಲ್ಲಿ ನಿಮ್ಮ ಕೂಲಿ ಎಲ್ಲಿದೆ?”

ಚಿತ್ರಗಾರ ಪುಸ್ತಕ ಕಸಿದುಕೊಂಡು ಹುಡುಕಿದ. ಸೂಜಿ ಇತ್ತು. ಅಂಟಿನ ಡಬ್ಬಿ ನಗುತ್ತಿತ್ತು. ಕೂಲಿ ಎಲ್ಲೂ ಇರಲಿಲ್ಲ.

“ನಾನು ಅವತ್ತೇ ನೋಡಿದ್ದೆ,” ಎಂದ ಬೈಂಡರ್ ಮೆಲ್ಲಗೆ. “ನೀನು ಅಷ್ಟು ಚೆನ್ನಾಗಿ ಬರೀತಿದ್ದೆ, ಕೇಳೋಕೆ ನಾಚಿಕೆ ಆಯ್ತು.”

ಚಿತ್ರಗಾರನಿಗೆ ತಲೆ ಎತ್ತಲಾಗಲಿಲ್ಲ. ಸೂಜಿಗೆ ಅರ್ಧ ಪುಟ ಕೊಟ್ಟವನು ಸೂಜಿ ಹಿಡಿದ ಗೆಳೆಯನಿಗೆ ಒಂದು ಸಾಲನ್ನೂ ಕೊಟ್ಟಿರಲಿಲ್ಲ. ಅದರಿಂದ ಅವನಿಗೆ ನಿಜವಾಗಿ ನೋವಾಯಿತು.

ಅಕ್ಕ ಕರೆಂಟ್ ಬಿಲ್ಲೊಂದನ್ನು ಮಗುಚಿ, ಒಂದು ಬಾಲ್‌ಪೆನ್ನಿನ ಜೊತೆ ಮುಂದೆ ತಳ್ಳಿದಳು. “ಇಲ್ಲೇ ಬರಿ. ಕೂತ್ಕೊಂಡೇ ಬರಿ.”

ಮೊದಲ ಸಾಲಿಗೆ ಬೈಂಡರ್ ಕೂಲಿ ಬಂತು, ಎಂಟುನೂರು. ಎರಡನೆಯದಕ್ಕೆ ತನ್ನದು, ಅದೂ ಅಷ್ಟೇ. ಕೂಡಿ, ಕಳೆದು, ತಲೆ ಕೆರೆದುಕೊಂಡ. ದಿನಕ್ಕೆ ಎರಡು ಮಾಡಿದರೆ ಒಂದರ ಬೆಲೆ ಒಂಬೈನೂರರ ಹತ್ತಿರ ಹೋಗುತ್ತಿತ್ತು. ಅಷ್ಟು ಕೊಟ್ಟು ಅವನ ನೋಟ್‌ಬುಕ್ ಕೊಳ್ಳುವವರು ಅವನಿಗೆ ತಿಳಿದಂತೆ ಯಾರೂ ಇರಲಿಲ್ಲ, ಅವನನ್ನೂ ಸೇರಿಸಿ. ದಿನಕ್ಕೆ ಹತ್ತು ಮಾಡಿದರೆ ಲೆಕ್ಕ ಕೂಡುತ್ತಿತ್ತು. ಹತ್ತು ಆಗಬೇಕೆಂದರೆ ಎಲ್ಲ ರಟ್ಟಿಗೂ ಒಂದೇ ಚಿತ್ರ, ಅದೂ ಅಚ್ಚಿನಲ್ಲಿ.

ಪೆನ್ನು ಬಹಳ ಹೊತ್ತು ನಿಂತಿತು. ಬೈಂಡರ್ ತನ್ನ ಬೆರಳಿಗಂಟಿದ್ದ ಒಣ ಅಂಟನ್ನು ಕೆರೆಯುತ್ತಿದ್ದ.

“ಒಂದೇ ಚಿತ್ರ,” ಎಂದು ಬರೆದ ಚಿತ್ರಗಾರ. “ಅಚ್ಚು. ಬೆಲೆ ಇನ್ನೂರೈವತ್ತು.”

ಅಕ್ಕ ಬಿಲ್ಲನ್ನು ಎರಡು ಸಲ ಓದಿದಳು. ಗೋಡೆಯ ಮೊಳೆಯಿಂದ ಕೆಳಗಿನ ಕೋಣೆಯ ಬೀಗದ ಕೈ ತೆಗೆದು ಬೈಂಡರ್ ಕೈಗೆ ಕೊಟ್ಟಳು.

ಚಿತ್ರಗಾರನ ಪೆನ್ನು ಆಗಲೇ ಬಿಲ್ಲಿನ ಮೂಲೆಯಲ್ಲಿ ಪುಟ್ಟ ಬೀಗವೊಂದನ್ನು ಬರೆಯತೊಡಗಿತ್ತು. ಬೈಂಡರ್ ಪೆನ್ನನ್ನು ಅವನ ಬೆರಳಿನಿಂದ ಮೆಲ್ಲಗೆ ಬಿಡಿಸಿಕೊಂಡ.

“ಬಾರೋ,” ಎಂದ. “ಇನ್ಮೇಲೆ ಬೀಗ ಬರೆಯೋ ಹೊತ್ತಿಗೂ ಕೂಲಿ ಲೆಕ್ಕ ಬೀಳುತ್ತೆ.”